ನಾವುಸಾದಲ್ಲಿ ಕೊಟ್ಟ ಮಾತು

ಸೆಪ್ಟೆಂಬರ್ ೧೨, ೨೦೦೦, ಮಂಗಳವಾರ, ಸ್ಯಾನ್ ರಮೋನ್, ಅಮೆರಿಕ

ಹೆಸರು: ಕೆಂಪರಾಜು. ವಯಸ್ಸು: ನಲವತ್ತಾರು. ತಲೆನೋವು: ಇವತ್ತು ಇಲ್ಲ.

ಡಾಕ್ಟರು ಹೇಳಿದ್ದು ಇಷ್ಟೇ ಬರೆಯಿರಿ ಎಂದು. ತಲೆನೋವು ಬಂದ ದಿನ, ಅದಕ್ಕೆ ಮುಂಚೆ ತಿಂದದ್ದು, ಕುಡಿದದ್ದು. ಆದರೆ ಹೊಸ ನೋಟುಬುಕ್ಕು ಕೈಗೆ ಬಂದಾಗ ಒಂದು ಸಾಲಿಗೆ ನಿಲ್ಲಿಸಲು ಮನಸ್ಸಾಗುತ್ತಿಲ್ಲ. ಕನ್ನಡದಲ್ಲಿ ಬರೆದು ಹದಿನೈದು ವರ್ಷವಾಗಿರಬೇಕು. ಒತ್ತಕ್ಷರ ಬಂದ ಕಡೆ ಪೆನ್ನು ತಡವರಿಸುತ್ತದೆ.

ಮಧ್ಯಾಹ್ನ ಅನುರಾಗ್ ಪ್ಲೆಸೆಂಟನ್ ಆಫೀಸಿಗೆ ಕರೆಸಿಕೊಂಡ. ಬೆಂಗಳೂರು ಜಯನಗರದ ಹುಡುಗ, ವಯಸ್ಸು ಇಪ್ಪತ್ತೊಂಬತ್ತು, ನನ್ನ ಬಾಸು. ಇಂಟರ್ನೆಟ್ಟಿನಲ್ಲಿ ವೈನ್ ಮಾರುವ ಈ ಕಂಪನಿ ಅವನು ಕಟ್ಟಿದ್ದು. ಹೇವರ್ಡ್‌ನಲ್ಲಿರುವ ಗೋದಾಮು ನನ್ನ ಜವಾಬ್ದಾರಿ. ಪೆಟ್ಟಿಗೆ ಬರುತ್ತದೆ, ಪೆಟ್ಟಿಗೆ ಹೋಗುತ್ತದೆ, ಒಡೆಯಬಾರದು, ಬಿಸಿಯಾಗಬಾರದು. ಅಷ್ಟು ನನಗೆ ಗೊತ್ತು.

"ರಾಜು ಸರ್, ಗ್ರೀಸ್‌ಗೆ ನೀವೇ ಹೋಗ್ಬೇಕು" ಎಂದ. ಖರೀದಿ ನೋಡಿಕೊಳ್ಳುತ್ತಿದ್ದವನು ಕಳೆದ ವಾರ ಬೇರೆ ಕಂಪನಿಗೆ ಹಾರಿದ್ದಾನೆ. ನಾವುಸಾ ಎಂಬ ಕಡೆ ಕೆಂಪು ವೈನಿಗೆ ಹೆಸರಾದ ಗುಡ್ಡಗಾಡಿದೆಯಂತೆ. ಅಲ್ಲಿಯ ಬೆಳೆಗಾರರ ಸಹಕಾರ ಸಂಘವೊಂದು ನಮ್ಮ ಜೊತೆ ಮಾತಿಗೆ ಒಪ್ಪಿದೆ.

"ನಂಗೆ ವೈನ್ ರುಚೀನೇ ಗೊತ್ತಿಲ್ಲ ಕಣಪ್ಪ. ಕೆಂಪು ವೈನು ಒಂದು ಗುಟುಕು ಕುಡಿದ್ರೆ ಎರಡು ದಿನ ತಲೆ ಎತ್ತಕ್ಕಾಗಲ್ಲ."

"ರುಚಿ ನೋಡೋಕೆ ಯಾರಾದ್ರೂ ಸಿಗ್ತಾರೆ ಸರ್. ನಮಗೆ ಸಪ್ಲೈ ಲಾಕ್ ಆಗ್ಬೇಕು, ಅಷ್ಟೇ. ನಿಮ್ ಮುಖ ನೋಡಿದ್ರೆ ಯಾರಿಗೂ ಡೌಟ್ ಬರಲ್ಲ."

ಹೊಗಳಿದ ಎಂದುಕೊಂಡೆ. ಮನೆಯಲ್ಲಿ ಹೇಳಿದಾಗ ಹೆಂಡತಿ ಊರ್ಮಿಳಾ ತಾನು ಕೆಲಸ ಮಾಡುವ ಡೇಕೇರ್‌ನಿಂದ ತಂದ ಬಣ್ಣದ ಕಾಗದಗಳನ್ನು ಕತ್ತರಿಸುತ್ತ ಕೂತಿದ್ದವಳು ನಕ್ಕುಬಿಟ್ಟಳು. "ಮದುವೆ ಮನೇಲಿ ಪಾನಕ ಕುಡಿದ್ರೂ ತಲೆನೋವು ಅನ್ನೋರು ನೀವು." ಮಗಳು ನಿಸರ್ಗಾ ಪುಸ್ತಕದಿಂದ ತಲೆಯೆತ್ತಿ, "ಅಪ್ಪ, ಗ್ರೀಸ್? ಸೋ ಕೂಲ್" ಎಂದಳು. ಹದಿನಾಲ್ಕು ವರ್ಷದವಳ ಬಾಯಿಂದ ನನಗೆ ಇಂಥ ಮಾತು ಬಂದು ಬಹಳ ದಿನವಾಗಿತ್ತು.

ಸೆಪ್ಟೆಂಬರ್ ೨೮, ಗುರುವಾರ, ನಾವುಸಾ

ಥೆಸಲೊನಿಕಿ ವಿಮಾನ ನಿಲ್ದಾಣಕ್ಕೆ ದೆಸ್ಪಿನಾ ಎಂಬ ಹೆಂಗಸು ಬಂದಿದ್ದಳು. ಸಂಘದ ಕಾಗದಪತ್ರ ನೋಡಿಕೊಳ್ಳುವವಳು. ಹುಟ್ಟಿದ್ದು ಮೆಲ್ಬರ್ನಿನಲ್ಲಿ, ಹನ್ನೆರಡನೆಯ ವಯಸ್ಸಿಗೆ ಅಪ್ಪ ಅಮ್ಮನ ಜೊತೆ ಊರಿಗೆ ವಾಪಸು. ಹೀಗಾಗಿ ಇಡೀ ಸಂಘಕ್ಕೆ ಇಂಗ್ಲಿಷ್ ಬಾಯಿ ಅವಳೊಬ್ಬಳೇ. ಒಂದೂವರೆ ಗಂಟೆಯ ದಾರಿ. ಬಯಲು ಪೂರ್ತಿ ಪೀಚ್ ಹಣ್ಣಿನ ತೋಟ, ಆಮೇಲೆ ವೆರ್ಮಿಯೊ ಬೆಟ್ಟದ ಇಳಿಜಾರು ಶುರುವಾಗುತ್ತಿದ್ದಂತೆ ದ್ರಾಕ್ಷಿ.

ವೈನರಿ ಎಂದರೆ ಕಲ್ಲಿನ ಕೋಟೆಯಂಥದ್ದೇನನ್ನೋ ಕಲ್ಪಿಸಿಕೊಂಡಿದ್ದೆ. ಇದು ಹಳೆಯ ಸಿಮೆಂಟಿನ ಕಟ್ಟಡ, ತಗಡಿನ ಮಾಡು. ಕೊಯ್ಲಿನ ಕಾಲ. ಗೇಟಿನಿಂದ ರಸ್ತೆಯ ತಿರುವಿನವರೆಗೂ ಟ್ರಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು, ಹಿಂದೆ ಟ್ರೇಲರಿನ ತುಂಬ ದ್ರಾಕ್ಷಿ. ಒಂದೊಂದೇ ವೇಬ್ರಿಡ್ಜಿನ ಮೇಲೆ ಹತ್ತುತ್ತದೆ, ತೂಕ ಬರೆದುಕೊಳ್ಳುತ್ತಾರೆ, ಉದ್ದನೆಯ ಕೊಳವೆಯನ್ನು ರಾಶಿಯೊಳಗೆ ಇಳಿಸಿ ರಸ ತೆಗೆದು ಸಕ್ಕರೆಯ ಅಂಶ ನೋಡುತ್ತಾರೆ. ಅಷ್ಟು ಹೊತ್ತು ಬೆಳೆಗಾರ ಉಸಿರು ಹಿಡಿದು ನಿಂತಿರುತ್ತಾನೆ. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳ ಸಾಲು ನೋಡಿ ಬೆಳೆದವನು ನಾನು. ಭಾಷೆ ಬರದಿದ್ದರೂ ಅಲ್ಲಿ ಯಾರು ಯಾರನ್ನು ಬೈಯುತ್ತಿದ್ದಾರೆ, ಯಾವನು ಸಾಲು ತಪ್ಪಿಸಿ ನುಗ್ಗುತ್ತಿದ್ದಾನೆ ಎಲ್ಲ ತಿಳಿಯಿತು. ಒಂದು ಕಡೆ ನಗು ಕೂಡ ಬಂತು.

ಸಂಘದ ಅಧ್ಯಕ್ಷ ಸ್ತೆರ್ಗಿಯೊಸ್. ಎಪ್ಪತ್ತರ ಹತ್ತಿರ, ಗಿಡ್ಡ ಆಳು, ಬಲಗಾಲು ಎಳೆದು ನಡೆಯುತ್ತಾನೆ. ಒಳಗೆ ಕರೆದುಕೊಂಡು ಹೋಗಿ ಟ್ಯಾಂಕುಗಳನ್ನು ಒಂದೊಂದಾಗಿ ಅಂಗೈಯಿಂದ ತಟ್ಟಿ ತೋರಿಸಿದ, ದನ ತೋರಿಸುವ ಹಾಗೆ. ಅವರ ದ್ರಾಕ್ಷಿಯ ಹೆಸರು ಕ್ಸಿನೊಮಾವ್ರೊ. ಹುಳಿ-ಕಪ್ಪು ಎಂದು ಅರ್ಥವಂತೆ. ಎಳೆಯದರಲ್ಲಿ ಬಾಯಿಗೆ ಹಾಕಲಾಗದಷ್ಟು ಒಗರು, ಮರದ ಪೀಪಾಯಿಯಲ್ಲಿಟ್ಟು ಕಾದರೆ ಮಾತ್ರ ಹದಕ್ಕೆ ಬರುತ್ತದೆ.

"ಅವಸರದವರು ಈ ಹಣ್ಣು ಬೆಳೆಯಬಾರದು ಅಂತಾನೆ" ಎಂದು ದೆಸ್ಪಿನಾ ತರ್ಜುಮೆ ಮಾಡಿದಳು.

ಗಾಜಿನ ಲೋಟಕ್ಕೆ ತೊಂಬತ್ತೆಂಟನೆಯ ಇಸವಿಯದನ್ನು ಸುರಿದು ಕೊಟ್ಟ. ಬಾಯಿಗೆ ಹಾಕಿಕೊಂಡು ಬಕೆಟ್ಟಿಗೆ ಉಗುಳಿದೆ. ಹುಣಸೆ, ಒಣಗಿಸಿದ ಟೊಮೇಟೊ, ಆಮೇಲೆ ಎಳೆ ಸೀಬೆಕಾಯಿ ಕಚ್ಚಿದ ಹಾಗೆ ನಾಲಿಗೆಯೆಲ್ಲ ಜುಮ್ಮೆಂದಿತು. ಅವನು ಮುಖವನ್ನೇ ನೋಡುತ್ತಿದ್ದ. "ತುಂಬಾ ಚೆನ್ನಾಗಿದೆ" ಎಂದೆ. ನನಗೆ ಕುಡಿಯಲಾಗುವುದಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ.

ತಲೆನೋವು: ಸ್ವಲ್ಪ, ಎಡಗಣ್ಣಿನ ಮೇಲೆ.

ಸೆಪ್ಟೆಂಬರ್ ೩೦, ಶನಿವಾರ, ನಾವುಸಾ

ಕೆಲಸ ಆಯಿತು. ಆದದ್ದನ್ನು ಆದ ಹಾಗೆ ಬರೆದಿಡುತ್ತೇನೆ.

ನಿನ್ನೆ ಹೋಟೆಲಿನಿಂದ ಅನುರಾಗ್‌ಗೆ ಫೋನ್ ಮಾಡಿದ್ದೆ. ವಕೀಲರು ಕಳಿಸಿದ ಕಾಗದದಲ್ಲಿ ಸಂಘದವರು ಎರಡು ವರ್ಷ ಇನ್ನಾರಿಗೂ ಹೊರದೇಶಕ್ಕೆ ಮಾರುವಂತಿಲ್ಲ ಎಂದಿದೆ. ನಮ್ಮ ಕಡೆಯಿಂದ ಮಾತ್ರ 'ಕೊಳ್ಳಲು ಉದ್ದೇಶಿಸಿದೆ' ಎಂದಷ್ಟೇ ಇದೆ. ಇಪ್ಪತ್ತು ವರ್ಷ ಸರಕು ತರಿಸಿ ಕಳಿಸಿದವನಿಗೆ ಆ ಒಂದು ಪದ ಏನೆಂದು ಗೊತ್ತಿಲ್ಲದೆ ಇರುತ್ತದೆಯೇ? "ನಮ್ ಕಡೆಯಿಂದ 'ಕೊಳ್ಳುತ್ತದೆ' ಅಂತ ಹಾಕಿಸಪ್ಪ" ಎಂದೆ.

"ಲಾಯರ್ ಒಪ್ಪಲ್ಲ ಸರ್. ಎಲ್ಲಾ ಕಡೆನೂ ಇದೇ ಡ್ರಾಫ್ಟು. ನಾವ್ ತಗೊಂಡೇ ತಗೋತೀವಲ್ಲ, ನಿಮಗ್ಯಾಕೆ ಟೆನ್ಷನ್ನು?"

ಇವತ್ತು ಬೆಳಿಗ್ಗೆ ಸಂಘದ ಸಭೆ. ನೂರ ನಲವತ್ತು ಸದಸ್ಯರಲ್ಲಿ ನೂರಕ್ಕೂ ಹೆಚ್ಚು ಜನ ಕೊಯ್ಲು ಬಿಟ್ಟು ಬಂದಿದ್ದರು. ಕೈಗಳೆಲ್ಲ ಕಪ್ಪು ಕಲೆ. ಇವರ ವೈನನ್ನು ಇಷ್ಟು ವರ್ಷ ಜರ್ಮನಿಯ ವ್ಯಾಪಾರಿಯೊಬ್ಬ ಟ್ಯಾಂಕರುಗಳಲ್ಲಿ ಒಯ್ದು ಬೇರೆ ವೈನಿನ ಜೊತೆ ಬೆರೆಸುತ್ತಿದ್ದ. ಬಾಟಲಿಯ ಮೇಲೆ ಇವರ ಹೆಸರಿರುತ್ತಿರಲಿಲ್ಲ. ನಾನು ಹೇಳಿದ್ದು ಇದು: ನಿಮ್ಮ ಹೆಸರಲ್ಲೇ, ನಿಮ್ಮ ಬೆಟ್ಟದ ಚಿತ್ರ ಹಾಕಿ, ಆರು ಸಾವಿರ ಪೆಟ್ಟಿಗೆ ಅಮೆರಿಕಕ್ಕೆ ಬರುತ್ತದೆ. ದೆಸ್ಪಿನಾ ಗ್ರೀಕಿನಲ್ಲಿ ಹೇಳುವಾಗ ಅವಳ ದನಿಯೇ ಬೇರೆಯಾಗಿತ್ತು.

ಹಿಂದಿನ ಸಾಲಿನಿಂದ ಒಬ್ಬ ಮುದುಕಿ ಎದ್ದಳು. ಫೋತಿನಿ ಎಂದು ಹೆಸರು, ಗಂಡ ತೀರಿಕೊಂಡ ಮೇಲೆ ನಾಲ್ಕು ಎಕರೆ ತಾನೇ ನೋಡಿಕೊಳ್ಳುತ್ತಾಳಂತೆ.

"ಜರ್ಮನಿಯವನಿಗೆ ಬೇಡ ಅಂದ ಮೇಲೆ ಅವನು ವಾಪಸು ಬರೋದಿಲ್ಲ. ಈ ಕಾಗದ ನಮ್ಮನ್ನ ಕಟ್ಟಿಹಾಕುತ್ತೆ. ನಿಮ್ಮನ್ನೂ ಹಾಗೇ ಕಟ್ಟಿಹಾಕುತ್ತಾ?"

ದೆಸ್ಪಿನಾ ಹೇಳಿ ಮುಗಿಸಿದ ಮೇಲೂ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ಹೌದು" ಎಂದೆ. "ನನ್ನ ಮಾತು" ಎಂದೂ ಸೇರಿಸಿದೆ. ಹಾಗೆ ಮಾತು ಕೊಡು ಎಂದು ಯಾರೂ ಕೇಳಿರಲಿಲ್ಲ.

ಕೈ ಎತ್ತಿದರು. ಎಲ್ಲ ಕೈಗಳೂ.

ಆಮೇಲೆ ಅಲ್ಲೇ ಊಟ. ಒಲೆಯಲ್ಲಿ ಬೇಯಿಸಿದ ದೊಡ್ಡ ಅವರೆಯಂಥ ಕಾಳು, ರೊಟ್ಟಿ, ಉಪ್ಪಿನ ಗಿಣ್ಣು. ಸ್ತೆರ್ಗಿಯೊಸ್ ನನ್ನ ತಟ್ಟೆಗೆ ಮತ್ತೆ ಮತ್ತೆ ಬಡಿಸಿದ.

ಹೇಗಿದ್ದರೂ ಕಂಪನಿ ಕೊಳ್ಳುತ್ತದೆ. ಕೊಂಡ ಮೇಲೆ ಯಾವ ಪದ ಇದ್ದರೇನು?

ಅಕ್ಟೋಬರ್ ೪, ಬುಧವಾರ

ಆಫೀಸಿನಲ್ಲಿ ನಾನು ಒಳಗೆ ಕಾಲಿಡುತ್ತಿದ್ದಂತೆ ಗಂಟೆ ಬಾರಿಸಿದರು, ದೊಡ್ಡ ವ್ಯವಹಾರ ಕುದುರಿದಾಗ ಬಾರಿಸುವ ಗಂಟೆ. ಎಂಬತ್ತು ಜನ ಎದ್ದು ಚಪ್ಪಾಳೆ. ಅರ್ಧಕ್ಕರ್ಧ ಜನರಿಗೆ ನನ್ನ ಹೆಸರೇ ಗೊತ್ತಿರಲಿಲ್ಲ, ಇವತ್ತು ಗೊತ್ತಾಯಿತು. ಸಂತೋಷವೇ ಆಯಿತು. ಸುಳ್ಳೇಕೆ ಹೇಳಲಿ.

ತಲೆನೋವು ಇಲ್ಲ.

ನವೆಂಬರ್ ೧೪, ಮಂಗಳವಾರ

ದೆಸ್ಪಿನಾಳ ಫ್ಯಾಕ್ಸ್ ಬಂದಿದೆ. ಲೇಬಲ್ಲುಗಳು ಅಚ್ಚಾಗಿವೆ, ಬಾಟಲಿಗಳು ಬಂದಿಳಿದಿವೆ, ಜರ್ಮನಿಯವನಿಗೆ ಇನ್ನು ಮಾರುವುದಿಲ್ಲವೆಂದು ಪತ್ರ ಬರೆದಾಯಿತು, ಖರೀದಿ ಆದೇಶ ಕಳಿಸಿದರೆ ಬಾಟಲಿ ತುಂಬಲು ಶುರು ಮಾಡುತ್ತೇವೆ. ಕೊನೆಯಲ್ಲಿ ಕೈಬರಹದಲ್ಲಿ, "ಸ್ತೆರ್ಗಿಯೊಸ್ ನಿಮ್ಮ ಮಗಳಿಗೆ ಅಕ್ರೋಟಿನ ಸಿಹಿ ಕಳಿಸಿದ್ದಾನೆ, ತಲುಪಿತೇ?"

ತಲುಪಿತ್ತು. ನಿಸರ್ಗಾ ಎರಡೇ ದಿನದಲ್ಲಿ ಮುಗಿಸಿದ್ದಳು.

ಫ್ಯಾಕ್ಸ್ ಹಿಡಿದುಕೊಂಡು ಅನುರಾಗ್ ಬಳಿ ಹೋದೆ. ಮೀಟಿಂಗ್ ರೂಮಿನಲ್ಲಿ ಬಂಡವಾಳ ಹಾಕುವವರಿಗೆ ತೋರಿಸುವ ಚಿತ್ರಗಳನ್ನು ಗೋಡೆಯ ಮೇಲೆ ಹಾಕಿ ನೋಡುತ್ತಿದ್ದ. ಒಂದು ಪ್ರಪಂಚ ನಕ್ಷೆ, ಅದರ ತುಂಬ ಕೆಂಪು ಚುಕ್ಕೆ. ಚಿಲಿ, ಪೋರ್ಚುಗಲ್, ಹಂಗೆರಿ. ಗ್ರೀಸಿನ ತಲೆಯ ಮೇಲೊಂದು. ಅಡಿಯಲ್ಲಿ 'ಸಪ್ಲೈ ಲಾಕ್ಡ್' ಎಂದು ಬರೆದಿತ್ತು.

"ಇಷ್ಟೂ ಕಡೆಯಿಂದ ಕೊಳ್ತೀವಾ?" ಎಂದೆ.

"ಎಲ್ಲಾ ಕಡೆ ಕೊಳ್ಳೋಕಾಗುತ್ತಾ ಸರ್? ಇದು ಇನ್ವೆಸ್ಟರ್ಸ್‌ಗೆ. ನೆಕ್ಸ್ಟ್ ರೌಂಡು ದುಡ್ಡು ಬರ್ಲಿ, ಕೆಲವನ್ನ ಕೊಳ್ಳೋಣ."

"ನಾವುಸಾ?"

"ನೋಡೋಣ. ನೆಕ್ಸ್ಟ್ ವೀಕ್ ಮಾತಾಡೋಣ."

ಸಂಜೆ ೬೮೦ ಹೆದ್ದಾರಿಯಲ್ಲಿ ಟ್ರಾಫಿಕ್ಕು ಇಂಚಿಂಚೇ ಸರಿಯಿತು. ಆ ಚುಕ್ಕೆಯ ಗಾತ್ರ ನೆನಪಾಗುತ್ತಲೇ ಇತ್ತು. ಕಡಲೆಕಾಳಿನಷ್ಟೂ ಇಲ್ಲ.

ನವೆಂಬರ್ ೨೮

ಮತ್ತೆ ಫ್ಯಾಕ್ಸ್. 'ಮುಂದಿನ ವಾರ' ಎಂದು ಉತ್ತರ ಬರೆದೆ. ತಲೆನೋವು, ಎರಡು ದಿನದಿಂದ. ಏನೂ ಕುಡಿದಿಲ್ಲ, ಹೊಸದೇನೂ ತಿಂದಿಲ್ಲ.

ಡಿಸೆಂಬರ್ ೫

ಫ್ಯಾಕ್ಸ್. ಉತ್ತರ ಬರೆಯಲಿಲ್ಲ. ತಲೆನೋವು.

ಡಿಸೆಂಬರ್ ೧೯

ಮೂವತ್ತು ಜನರನ್ನು ತೆಗೆದರು. ನನ್ನನ್ನಲ್ಲ. ಗಂಟೆಯನ್ನು ಯಾರೋ ಬೀರುವಿನ ಹಿಂದೆ ಇಟ್ಟಿದ್ದಾರೆ.

ಊರ್ಮಿಳಾ ಕೇಳಿದಳು, "ಗ್ರೀಸ್ ವೈನ್ ಯಾವಾಗ ಬರುತ್ತೆ? ಡೇಕೇರ್‌ನಲ್ಲಿ ಎಲ್ಲರಿಗೂ ಹೇಳ್ಬಿಟ್ಟಿದೀನಿ." ಬರುತ್ತೆ ಎಂದೆ.

ಜನವರಿ ೧೮, ೨೦೦೧, ಗುರುವಾರ

ಹೇವರ್ಡ್ ಗೋದಾಮಿನಲ್ಲಿ ಒಂದೂವರೆ ಗಂಟೆ ಕರೆಂಟಿಲ್ಲ. ಇಡೀ ರಾಜ್ಯದಲ್ಲಿ ಸರದಿಯ ಮೇಲೆ ತೆಗೆಯುತ್ತಿದ್ದಾರಂತೆ. ಅಮೆರಿಕದಲ್ಲಿ ಕರೆಂಟು ಹೋಗುವುದನ್ನು ನೋಡಿ ಲೋಡ್ ಮಾಡುವವರು ನಗುತ್ತಿದ್ದರು. ನಾನು ಕತ್ತಲಲ್ಲಿ ಪೆಟ್ಟಿಗೆಗಳ ನಡುವೆ ಕೂತಿದ್ದಾಗ ಮೊಬೈಲು ಹೊಡೆದುಕೊಂಡಿತು. ದೆಸ್ಪಿನಾ. ನಂಬರನ್ನು ಎಲ್ಲಿಂದ ಹುಡುಕಿದಳೋ.

"ಕೆಂಪರಾಜು, ಕಾಯಿಲೆಯೇನೂ ಇಲ್ಲವಷ್ಟೆ? ಉತ್ತರವಿಲ್ಲ ಅಂತ ಸ್ತೆರ್ಗಿಯೊಸ್‌ಗೆ ಗಾಬರಿ."

ನನ್ನ ಆರೋಗ್ಯದ ಬಗ್ಗೆ ಗಾಬರಿ! ಚೆನ್ನಾಗಿದ್ದೇನೆ, ಆದೇಶ ಸ್ವಲ್ಪ ತಡವಾಗುತ್ತಿದೆ ಎಂದೆ. ಟ್ಯಾಂಕುಗಳೆಲ್ಲ ತುಂಬಿವೆ, ಬೇಸಿಗೆಯೊಳಗೆ ಖಾಲಿಯಾಗದಿದ್ದರೆ ಮುಂದಿನ ಕೊಯ್ಲಿಗೆ ಜಾಗವಿಲ್ಲ ಎಂದಳು. ಜರ್ಮನಿಯವನು ಬಲ್ಗೇರಿಯಾದಲ್ಲಿ ಬೇರೆಯವರನ್ನು ಹಿಡಿದಿದ್ದಾನೆ ಎಂದಳು. ದೂರುವ ಹಾಗೆ ಹೇಳಲಿಲ್ಲ, ಸುದ್ದಿ ಹೇಳುವ ಹಾಗೆ.

ತಕ್ಷಣ ಅನುರಾಗ್‌ಗೆ ಫೋನ್ ಮಾಡಿದೆ. "ಅವರಿಗೆ ನಿಜ ಹೇಳ್ಬಿಡ್ತೀನಿ ಕಣಪ್ಪ. ಬೇರೆ ದಾರಿ ನೋಡ್ಕೊಳ್ಳಲಿ."

"ಪ್ಲೀಸ್ ಬೇಡ ಸರ್. ಇನ್ವೆಸ್ಟರ್ಸ್ ಜೊತೆ ಮಾತುಕತೆ ನಡೀತಿದೆ. ಒಬ್ರು ಸಪ್ಲೈಯರ್ ಹೊರಗೆ ಬಾಯಿಬಿಟ್ರೂ ಎಲ್ಲಾ ಮುಗೀತು. ಐವತ್ತು ಜನರ ಕೆಲಸ ಸರ್. ನಿಮ್ದೂ ಸೇರಿ."

ಐವತ್ತು ಜನ ಈ ಕಡೆ, ನೂರ ನಲವತ್ತು ಜನ ಆ ಕಡೆ. ಫೋನಿಟ್ಟೆ. ಲೈಟು ಬಂತು.

ಫೆಬ್ರವರಿ ೧೦, ಶನಿವಾರ

ಕೊಳ್ಳುವವರಿಗೆ ತೋರಿಸಲೆಂದು ತಂದಿದ್ದ ಹನ್ನೆರಡು ಬಾಟಲಿ ಮಾದರಿಗಳು ಗೋದಾಮಿನಲ್ಲಿದ್ದವು. ಅವನ್ನು ಕಾರಿಗೆ ಹಾಕಿಕೊಂಡು ಅಂಗಡಿಗಳನ್ನು ಸುತ್ತಿದೆ. ಪ್ಲೆಸೆಂಟನ್, ಬರ್ಕ್ಲಿ, ಓಕ್‌ಲ್ಯಾಂಡ್. ಕಂಪನಿಗಲ್ಲ. ಯಾರಾದರೂ ನೇರವಾಗಿ ಅವರಿಂದಲೇ ತರಿಸಿಕೊಳ್ಳಲಿ ಎಂದು.

ಬರ್ಕ್ಲಿಯ ಅಂಗಡಿಯಾತ ಒಳ್ಳೆಯ ಮನುಷ್ಯ. ಲೋಟಕ್ಕೆ ಸುರಿದು, ಮೂಸಿ, ಕುಡಿದ. "ಇದು ನಿಜವಾದ ವೈನು" ಎಂದ. ಎಷ್ಟು ಪೆಟ್ಟಿಗೆ ತಗೋಬಹುದು ಎಂದು ಕೇಳಿದೆ. "ಎರಡು" ಎಂದ. "ಹೆಸರು ಹೇಳೋಕೆ ಬಾರದ ವೈನನ್ನ ಜನ ಕೇಳಿ ತಗೊಳ್ಳೋದಿಲ್ಲ."

ಒಟ್ಟು ಏಳು ಅಂಗಡಿ. ಉಳಿದ ಆರು ಕಡೆ ಅಷ್ಟೂ ಇಲ್ಲ. ಒಂದು ಕಡೆಯಂತೂ ಬಾಟಲಿ ತೆರೆಯಲೂ ಬಿಡಲಿಲ್ಲ.

ಮನೆಗೆ ಬಂದಾಗ ಊರ್ಮಿಳಾ, "ಶನಿವಾರ ಎಲ್ಲಿಗೆ ಹೋಗಿದ್ರಿ?" ಎಂದಳು. ಗೋದಾಮಿಗೆ ಎಂದೆ. ಅಂಗಿಯ ಮೇಲೆ ವೈನಿನ ಕಲೆಯಿತ್ತು. ಅವಳು ನೋಡಿದಳು, ಕೇಳಲಿಲ್ಲ.

ಫೆಬ್ರವರಿ ೨೪, ಶನಿವಾರ

ಇನ್ನೂ ಒಂಬತ್ತು ಅಂಗಡಿ. ಸ್ಯಾನ್ ಹೊಸೆವರೆಗೂ ಹೋಗಿದ್ದೆ. ಇಲ್ಲ.

ನಾವುಸಾದವರು ಇಷ್ಟು ಕಷ್ಟಪಟ್ಟು ಮಾಡಿದ್ದನ್ನು ಇಲ್ಲಿಯವರು ಕನ್ನಡಿ ನೋಡಿದ ಹಾಗೆ ಲೋಟ ಎತ್ತಿ ನೋಡಿ ಕೆಳಗಿಡುತ್ತಾರೆ.

ಮಾರ್ಚ್ ೯, ಶುಕ್ರವಾರ

ಬೆಳಿಗ್ಗೆ ಇಮೇಲ್ ಬಂತು: ಇಂದಿನಿಂದ ಕಂಪನಿ ಇಲ್ಲ. ಪ್ಲೆಸೆಂಟನ್‌ಗೆ ಹೋದಾಗ ಬಾಗಿಲಿಗೆ ಹೊಸ ಬೀಗ. ಕುರ್ಚಿಗಳನ್ನು ಲಾರಿಗೆ ತುಂಬುತ್ತಿದ್ದರು. ಅನುರಾಗ್ ಪಾರ್ಕಿಂಗ್ ಲಾಟಿನ ಕಟ್ಟೆಯ ಮೇಲೆ ಕೂತಿದ್ದ, ಗಡ್ಡ ಬಿಟ್ಟಿದ್ದ. ನನ್ನನ್ನು ನೋಡಿ ಎದ್ದ.

"ನಾನೂ ನಂಬಿದ್ದೆ ಸರ್" ಎಂದ. "ನಿಜವಾಗ್ಲೂ ಎಲ್ಲಾ ಕೊಳ್ತೀವಿ ಅಂತಾನೇ ನಂಬಿದ್ದೆ."

ಬೈಯಬೇಕೆಂದು ಹೋಗಿದ್ದೆ. ಇಪ್ಪತ್ತೊಂಬತ್ತು ವರ್ಷ ಎಂದರೆ ಎಷ್ಟು ಚಿಕ್ಕದು ಎಂದು ಅವನ ಕೈಗಳನ್ನು ನೋಡಿದಾಗ ಅನ್ನಿಸಿತು. "ನಾವುಸಾದವರಿಗೆ ನೀನು ಹೇಳ್ತೀಯಾ?" ಎಂದೆ. ತಲೆ ತಗ್ಗಿಸಿದ. ಲಾಯರು ಯಾರ ಜೊತೆಯೂ ಮಾತಾಡಬಾರದು ಎಂದಿದ್ದಾನಂತೆ. ಅವನ ಪಕ್ಕ ಸ್ವಲ್ಪ ಹೊತ್ತು ಕೂತಿದ್ದು ಬಂದೆ.

ಮಾರ್ಚ್ ೧೦, ಶನಿವಾರ

ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡಿದೆ, ಅಲ್ಲಿ ಸಂಜೆ ಆರು. ಊರ್ಮಿಳಾ ಅಡುಗೆಮನೆಯಲ್ಲೇ ಇದ್ದಳು. ಹೊರಗೆ ಹೋಗು ಎನ್ನಲಿಲ್ಲ.

ಕಂಪನಿ ಮುಚ್ಚಿತು, ವೈನು ಯಾರೂ ಕೊಳ್ಳುವುದಿಲ್ಲ ಎಂದೆ. ಎರಡು ವಾಕ್ಯ. ಅವನ್ನು ಹೇಳಲು ನಾಲ್ಕು ತಿಂಗಳು ಬೇಕಾಯಿತು. ದೆಸ್ಪಿನಾ ಫೋನು ಬದಿಗಿಟ್ಟು ಗ್ರೀಕಿನಲ್ಲಿ ಹೇಳುವುದು ಕೇಳಿಸಿತು. ಕುರ್ಚಿ ಸರಿದ ಸದ್ದು. ಆಮೇಲೆ ಸ್ತೆರ್ಗಿಯೊಸ್ ಏನೋ ಕೇಳಿದ.

"ಯಾವಾಗ ಗೊತ್ತಾಯಿತು ಅಂತ ಕೇಳ್ತಿದ್ದಾನೆ."

"ನವೆಂಬರ್‌ನಲ್ಲಿ."

ಅವಳು ತರ್ಜುಮೆ ಮಾಡಲಿಲ್ಲ. "ನವೆಂಬರ್‌ನಲ್ಲಿ ಜರ್ಮನಿಯವನು ಇನ್ನೂ ಸಿಗ್ತಿದ್ದ, ಕೆಂಪರಾಜು" ಎಂದಳಷ್ಟೆ. ಲೈನು ಕಟ್ಟಾಯಿತು. ಅವಳೇ ಇಟ್ಟಳೋ ಏನೋ.

ಊರ್ಮಿಳಾ ಒಲೆ ಆರಿಸಿ ಬಂದು ಎದುರಿಗೆ ಕೂತಳು. ಎಲ್ಲವನ್ನೂ ಹೇಳಿದೆ. ಸಭೆ, ಕಾಗದದ ಆ ಪದ, ಮುದುಕಿಯ ಪ್ರಶ್ನೆ, ನಕ್ಷೆ, ಶನಿವಾರದ ಅಂಗಡಿಗಳು.

"ಶನಿವಾರ ಬೇರೆ ಯಾರದೋ ಮನೆಗೆ ಹೋಗ್ತಿದೀರಿ ಅಂದ್ಕೊಂಡಿದ್ದೆ" ಎಂದಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಆಮೇಲೆ, "ಹೇಳಬಾರದಾಗಿತ್ತೇನ್ರೀ" ಎಂದಳು.

ಏಪ್ರಿಲ್ ೨೩, ಸೋಮವಾರ

ಕೆಲಸ ಸಿಕ್ಕಿತು. ಹೇವರ್ಡ್‌ನಲ್ಲೇ, ತರಕಾರಿಯ ಶೀತಲ ಗೋದಾಮು, ಬೆಳಗಿನ ಪಾಳಿ. ಸಂಬಳ ಕಡಿಮೆ. ಸೊಪ್ಪಿನ ಪೆಟ್ಟಿಗೆ ಬರುತ್ತದೆ, ಹೋಗುತ್ತದೆ.

ಸಂಘಕ್ಕೆ ಮೂರು ಪತ್ರ ಬರೆದೆ. ಉತ್ತರವಿಲ್ಲ. ಈಗ ಕಾಯುವ ಪಾಳಿ ನನ್ನದು.

ಜುಲೈ ೭, ಶನಿವಾರ

ದೆಸ್ಪಿನಾಳಿಂದ ಪತ್ರ. ಆರೇ ಸಾಲು. ಕೊಳ್ಳುವವರು ಸಿಗಲಿಲ್ಲ. ಕೊಯ್ಲಿಗೆ ಟ್ಯಾಂಕು ಖಾಲಿ ಮಾಡಲೇಬೇಕು. ಈ ತಿಂಗಳ ಕೊನೆಗೆ ಅಷ್ಟೂ ವೈನನ್ನು ಭಟ್ಟಿ ಇಳಿಸುವ ಕಾರ್ಖಾನೆಗೆ ಕೊಡುತ್ತಿದ್ದಾರೆ, ಸ್ಪಿರಿಟ್ ಮಾಡಲು. 'ತೊಂಬತ್ತೆಂಟನೆಯ ಇಸವಿಯದೂ ಹೋಗುತ್ತದೆ. ನಿಮಗೆ ತಿಳಿದಿರಲಿ ಎಂದು ಬರೆದೆ.'

ನಿಸರ್ಗಾ ಪತ್ರ ಓದಿದಳು. "ಬಟ್ ಯೂ ಕಾಂಟ್ ಡು ಎನಿಥಿಂಗ್, ಅಪ್ಪ" ಎಂದಳು.

"ಏನೂ ಮಾಡಕ್ಕಾಗಲ್ಲ ಮಗಳೇ."

ಊರ್ಮಿಳಾಗೆ, ಒಂದು ವಾರ ರಜ ಹಾಕಿ ಹೋಗಿ ಬರುತ್ತೇನೆ ಎಂದೆ. ಹೋಗಿ ಏನು ಮಾಡ್ತೀರಿ ಎಂದು ಅವಳು ಕೇಳಲಿಲ್ಲ.

ಜುಲೈ ೨೫, ಬುಧವಾರ, ನಾವುಸಾ

ಈ ಸಲ ಯಾರೂ ಕರೆದೊಯ್ಯಲು ಬಂದಿರಲಿಲ್ಲ. ಬಸ್ಸು ಹಿಡಿದು ಬಂದೆ. ಬಿಸಿಲಿಗೆ ರಸ್ತೆಯ ಡಾಂಬರು ಮೆತ್ತಗಾಗಿತ್ತು.

ಅಂಗಳದಲ್ಲಿ ಎರಡು ಟ್ಯಾಂಕರುಗಳು ನಿಂತಿದ್ದವು. ದಪ್ಪ ಕೊಳವೆ ಕಟ್ಟಡದೊಳಗಿಂದ ಬಂದು ಟ್ಯಾಂಕರಿನ ನೆತ್ತಿಗೆ ಹತ್ತಿತ್ತು, ಪಂಪು ಓಡುತ್ತಿತ್ತು. ಹತ್ತಿಪ್ಪತ್ತು ಬೆಳೆಗಾರರು ನೆರಳಲ್ಲಿ ನಿಂತು ನೋಡುತ್ತಿದ್ದರು. ನನ್ನ ಗುರುತು ಹಿಡಿದವರು ಮುಖ ತಿರುಗಿಸಿದರು. ಒಬ್ಬ ಕ್ಯಾಕರಿಸಿ ಉಗಿದು ಹೊರಟುಹೋದ.

ಕೊಳವೆಯ ಜೋಡಣೆಯಲ್ಲಿ ಸ್ವಲ್ಪ ಸೋರುತ್ತಿತ್ತು. ಸಿಮೆಂಟು ನೆಲದ ಮೇಲೆ ಕೆಂಪು ಹರಿದು ಚರಂಡಿಗೆ ಹೋಗುತ್ತಿತ್ತು. ಹೇಗಿದ್ದರೂ ಹೋಗುವುದೇ ತಾನೇ ಎಂದು ಯಾರೂ ಬಿಗಿ ಮಾಡುತ್ತಿರಲಿಲ್ಲ.

ಸ್ತೆರ್ಗಿಯೊಸ್ ಕುರ್ಚಿ ಹಾಕಿಸಿಕೊಂಡು ಪಂಪಿನ ಪಕ್ಕ ಕೂತಿದ್ದ. ಹತ್ತು ತಿಂಗಳಲ್ಲಿ ಹತ್ತು ವರ್ಷ ಆಗಿತ್ತು ಅವನಿಗೆ. ದೆಸ್ಪಿನಾ ನನ್ನನ್ನು ನೋಡಿ ಏಳಲೂ ಇಲ್ಲ, ಹೋಗು ಎನ್ನಲೂ ಇಲ್ಲ. ಕ್ಷಮೆ ಕೇಳಲು ಬಂದೆ ಎಂದೆ. ಅವಳು ಹೇಳಿದಳು. ಅವನು ಟ್ಯಾಂಕರಿನಿಂದ ಕಣ್ಣು ತೆಗೆಯದೆ ಉತ್ತರ ಕೊಟ್ಟ.

"ಕ್ಷಮಿಸೋದು ಅವನೊಬ್ಬನಿಂದ ಆಗೋದಿಲ್ಲವಂತೆ. ಸಂಘ ಅವನದಲ್ಲವಂತೆ. ಕೈ ಎತ್ತಿದವರನ್ನ ಕೇಳಿಕೋ ಅಂತಾನೆ."

"ಸಭೆ ಕರೆಯಬಹುದೇ?"

"ನಿಮಗಾಗಿ ಯಾರೂ ಬರೋದಿಲ್ಲ, ಕೆಂಪರಾಜು."

ಹಾಗಾದರೆ ಸದಸ್ಯರ ಹೆಸರು, ಮನೆ ಎಲ್ಲಿ ಎಂಬುದನ್ನು ಬರೆದುಕೊಡು ಎಂದೆ. ಅವಳು ಆಫೀಸಿನೊಳಗೆ ಹೋಗಿ ಪಟ್ಟಿ ತಂದುಕೊಟ್ಟಳು.

ಜುಲೈ ೨೬, ಗುರುವಾರ

ಮೊದಲು ಫೋತಿನಿಯ ಮನೆ. ದೆಸ್ಪಿನಾ ಅರ್ಧ ದಿನ ರಜ ಹಾಕಿ ಜೊತೆಗೆ ಬಂದಳು. ಮುದುಕಿ ಬಾಗಿಲಲ್ಲಿ ಬೀನ್ಸ್ ಬಿಡಿಸುತ್ತ ಕೂತಿದ್ದಳು. ಒಳಗೆ ಕರೆದು ಕೂರಿಸಿ, ನೀರು ಕೊಟ್ಟು, ಎದುರಿಗೆ ಕೂತು ಒಂದೇ ಪ್ರಶ್ನೆ ಕೇಳಿದಳು.

"ಅವತ್ತು ನಾನು ಕೇಳಿದಾಗ, ಕಾಗದ ನಿಮ್ಮನ್ನ ಕಟ್ಟಿಹಾಕೋದಿಲ್ಲ ಅಂತ ನಿನಗೆ ಗೊತ್ತಿತ್ತಾ?"

ಕಂಪನಿ ಮೋಸ ಮಾಡಿತು, ನನಗೂ ಮೋಸವಾಯಿತು ಎಂದು ಹೇಳಬಹುದಿತ್ತು. ದೆಸ್ಪಿನಾ ಕೂಡ ಅದನ್ನೇ ನಿರೀಕ್ಷಿಸುತ್ತಿದ್ದಳೆಂದು ಕಾಣುತ್ತದೆ, ಬಾಯಿ ಆಗಲೇ ಅರ್ಧ ತೆರೆದಿದ್ದಳು.

"ಗೊತ್ತಿತ್ತು" ಎಂದೆ.

ದೆಸ್ಪಿನಾ ನನ್ನ ಕಡೆ ತಿರುಗಿದಳು. ಅವಳಿಗೂ ಇದು ಗೊತ್ತಿರಲಿಲ್ಲ. ಆ ಮಾತನ್ನು ಗ್ರೀಕಿಗೆ ತಿರುಗಿಸಲು ಅವಳಿಗೆ ಹೊತ್ತು ಹಿಡಿಯಿತು. ಫೋತಿನಿ ಕೇಳಿಸಿಕೊಂಡು ತಲೆಯಾಡಿಸಿ, ಏನೋ ಹೇಳಿ, ಬೀನ್ಸಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಏನೆಂದಳು ಎಂದು ನಾನು ಕೇಳಲಿಲ್ಲ. ದೆಸ್ಪಿನಾ ಹೇಳಲೂ ಇಲ್ಲ.

ಆಮೇಲೆ ಇನ್ನೂ ಒಂಬತ್ತು ಮನೆ. ಮೂರು ಕಡೆ ಬಾಗಿಲು ಹಾಕಿಕೊಂಡರು. ಒಬ್ಬ ಕೂಗಾಡಿದ, ಎಷ್ಟೆಂದರೆ ಅಕ್ಕಪಕ್ಕದವರು ಹೊರಗೆ ಬಂದರು. ಒಬ್ಬ ಪೂರ್ತಿ ಕೇಳಿಸಿಕೊಂಡು, ಈ ವರ್ಷ ಬಳ್ಳಿಯ ಅರ್ಧ ಕಿತ್ತು ಪೀಚ್ ಹಾಕಿದ್ದೇನೆ, ಬಾ ತೋರಿಸುತ್ತೇನೆ ಎಂದು ಕರೆದೊಯ್ದ. ಕಿತ್ತ ಬೊಡ್ಡೆಗಳು ಬದುವಿನ ಮೇಲೆ ರಾಶಿ ಬಿದ್ದಿದ್ದವು. ಅವನ ಅಜ್ಜ ನೆಟ್ಟದ್ದಂತೆ. ನಿಂತು ನೋಡಿದೆ. ಬೇರೇನು ಮಾಡಲಿ?

ಜುಲೈ ೨೭, ಶುಕ್ರವಾರ

ಇವತ್ತು ಹದಿನಾಲ್ಕು ಮನೆ. ಯಾರದೇ ನಷ್ಟ ಒಂದು ಹನಿಯೂ ಕಡಿಮೆಯಾಗಿಲ್ಲ. ಕೊನೆಯ ಟ್ಯಾಂಕರು ಮಧ್ಯಾಹ್ನ ಹೋಯಿತು.

ಭಾನುವಾರಕ್ಕೆ ವಾಪಸು ಟಿಕೆಟ್ ಇದೆ. ಸಂಜೆ ಪೋಸ್ಟಾಫೀಸಿನ ಪಕ್ಕದ ಬೂತಿನಿಂದ ಊರ್ಮಿಳಾಗೆ ಫೋನ್ ಮಾಡಿದೆ. ಅಲ್ಲಿ ಬೆಳಿಗ್ಗೆ, ಡೇಕೇರ್‌ಗೆ ಹೊರಟಿದ್ದಳು.

"ಸೋಮವಾರ ಕೆಲಸಕ್ಕೆ ಹೋಗದಿದ್ರೆ ಗೋದಾಮಿನವರು ಇಟ್ಕೊಳ್ಳಲ್ಲ" ಎಂದೆ.

"ಎಷ್ಟು ಮನೆ ಉಳಿದಿದೆ?"

"ನೂರ ಹದಿನಾರು."

ಆ ಕಡೆ ಕಾರಿನ ಬೀಗದ ಕೈ ಮೇಜಿನ ಮೇಲಿಟ್ಟ ಸದ್ದಾಯಿತು. "ಕೆಲಸ ಹೋದ್ರೆ ಇನ್ನೊಂದು ನೋಡೋಣ. ಮುಗಿಸ್ಕೊಂಡೇ ಬನ್ನಿ" ಎಂದಳು.

ದೆಸ್ಪಿನಾಗೆ ನಾಳೆಯಿಂದ ರಜ ಸಿಗುವುದಿಲ್ಲ. ಅವಳಿಂದ ಗ್ರೀಕಿನಲ್ಲಿ ಮೂರು ವಾಕ್ಯ ಹೇಳಿಸಿಕೊಂಡು ಈ ಪುಸ್ತಕದ ಹಿಂದಿನ ಹಾಳೆಯಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದೇನೆ. ನಾನು ಕೆಂಪರಾಜು. ಅವತ್ತು ನಿಮಗೆ ಸುಳ್ಳು ಹೇಳಿದೆ. ಅದು ಸುಳ್ಳೆಂದು ನನಗೆ ಗೊತ್ತಿತ್ತು.

ಎರಡನೆಯ ವಾಕ್ಯದಲ್ಲಿ ನಾಲಿಗೆ ಇನ್ನೂ ಹೊರಳುತ್ತಿಲ್ಲ. ಬಾಯಿಪಾಠ ಮಾಡುತ್ತಿದ್ದೇನೆ.